ಬಿಸಿಲ ನಾಡಿನಿಂದ ಯಾವ ಬೆಟ್ಟಕ್ಕೆ? ಮಹಾಬಳೇಶ್ವರ, ಊಟಿ, ಅರಕು: ಸ್ವಂತ ಕಾರಿನಲ್ಲಿ ಹೊರಡುವವರಿಗೆ

ಏಪ್ರಿಲ್ ಬಂತು ಅಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳ ಟೈಮೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಬಾಗಿಲು. ಎರಡು ಗಂಟೆಗೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹೋದರೆ ಅಂಗಡಿಯವರು ಅರ್ಧ ಷಟರ್ ಇಳಿಸಿ ಒಳಗೆ ಕೂತಿರುತ್ತಾರೆ. ಮನೆಯಲ್ಲಿ ಕೂಲರ್‌ಗೆ ನೀರು ತುಂಬಿ ತುಂಬಿ ಸಾಕಾಗಿರುತ್ತದೆ. ಆಗಲೇ ಮನೆಮನೆಯಲ್ಲೂ ಮಾತು ಏಳುತ್ತದೆ: ಎಲ್ಲಾದರೂ ತಂಪು ಜಾಗಕ್ಕೆ ಹೋಗೋಣ, ನಮ್ಮದೇ ಗಾಡಿಯಲ್ಲಿ ಹೋಗೋಣ.

ಈ ವರ್ಷ ನನ್ನನ್ನು ಮೂರು ಮನೆಯವರು ಕೇಳಿದರು. ಬೀದರಿನ ಗೆಳೆಯನಿಗೆ ಇಬ್ಬರು ಸಣ್ಣ ಮಕ್ಕಳು, ರಜೆ ಸಿಗುವುದು ನಾಲ್ಕೇ ದಿನ. ಯಾದಗಿರಿಯ ಮಾಸ್ತರರೊಬ್ಬರಿಗೆ ಬೇಸಿಗೆ ರಜೆ ಬೇಕಾದಷ್ಟಿದೆ, ಆದರೆ ಜೊತೆಗೆ ಎಪ್ಪತ್ತು ದಾಟಿದ ಅಪ್ಪ ಅವ್ವ ಬರುತ್ತಾರೆ. ಮೂರನೆಯದು ಕಲಬುರಗಿಯ ನಾಲ್ಕು ಹುಡುಗರ ಗುಂಪು. ಇಬ್ಬರಿಗೆ ಗಾಡಿ ಓಡಿಸಲು ಬರುತ್ತದೆ, ರಸ್ತೆಯಲ್ಲೇ ಮಜಾ ಬೇಕು ಅನ್ನುವವರು. ಮೂವರ ಬಾಯಲ್ಲೂ ಅವೇ ಮೂರು ಹೆಸರು ಬಂದವು: ಮಹಾಬಳೇಶ್ವರ, ಊಟಿ, ಅರಕು. ಮೂವರಿಗೂ ನಾನು ಕೊಟ್ಟ ಉತ್ತರ ಬೇರೆ ಬೇರೆ. ಯಾಕೆ ಬೇರೆ ಅನ್ನುವುದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ, ನಿಮ್ಮದನ್ನು ನೀವೇ ಆರಿಸಿಕೊಳ್ಳಬಹುದು.

ಬೀದರ, ಕಲಬುರಗಿ, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳು ರಾಜ್ಯದ ತುದಿಯಲ್ಲಿವೆ. ಒಂದು ಪಕ್ಕ ಮಹಾರಾಷ್ಟ್ರ, ಇನ್ನೊಂದು ಪಕ್ಕ ತೆಲಂಗಾಣ. ಕೊಡಗು ನಮ್ಮದೇ ರಾಜ್ಯದ್ದು ಹೌದು, ಆದರೆ ಕಲಬುರಗಿಯಿಂದ ಮಡಿಕೇರಿಗೆ ಹೋಗುವ ದೂರದ ಅರ್ಧದಷ್ಟರಲ್ಲಿ ಮಹಾರಾಷ್ಟ್ರದ ಮಹಾಬಳೇಶ್ವರ ಮುಟ್ಟಬಹುದು. ಹಾಗಾಗಿ ಗಡಿ ದಾಟುವುದು ನಮಗೆ ದೊಡ್ಡ ವಿಷಯವೇ ಅಲ್ಲ. ಯಾವ ಗಡಿ, ಯಾವ ತಿಂಗಳು, ಎಷ್ಟು ದಿನಕ್ಕೆ ಅನ್ನುವುದೇ ಪ್ರಶ್ನೆ.

ಮೊದಲು ಏನು ನೋಡಬೇಕು

ಜಾಗ ಎಷ್ಟು ಚೆನ್ನಾಗಿದೆ ಅಂತ ಮೊದಲು ನೋಡಬೇಡಿ. ಮೂರೂ ಚೆನ್ನಾಗಿವೆ. ಮೊದಲು ರಜೆ ಎಣಿಸಿ. ನನ್ನ ಲೆಕ್ಕ ಸರಳ: ಹೋಗಿ ಬರಲು ಎಷ್ಟು ದಿನ ಕಾರಿನಲ್ಲಿ ಕೂರುತ್ತೀರೋ, ಕಡಿಮೆ ಅಂದರೂ ಅಷ್ಟೇ ಪೂರ್ತಿ ದಿನ ಬೆಟ್ಟದ ಮೇಲೆ ಸಿಗಬೇಕು. ಇಲ್ಲದಿದ್ದರೆ ವಾಪಸ್ ಬಂದ ಮೇಲೆ ಮಕ್ಕಳಿಗೆ ನೆನಪಿರುವುದು ಟೋಲ್ ಮತ್ತು ಪೆಟ್ರೋಲ್ ಬಂಕ್ ಮಾತ್ರ.

ಎರಡನೆಯದು ತಿಂಗಳು. ಇದನ್ನು ಜನ ಮರೆಯುವುದೇ ಜಾಸ್ತಿ. ಒಂದೇ ಊರು ಡಿಸೆಂಬರಿನಲ್ಲಿ ಒಂದು ರೀತಿ, ಮೇನಲ್ಲಿ ಇನ್ನೊಂದು ರೀತಿ, ಜುಲೈನಲ್ಲಿ ಹೋಗಲೇಬಾರದು ಅನ್ನುವ ರೀತಿ ಇರುತ್ತದೆ.

ಮೂರನೆಯದು ಕಾರಿನಲ್ಲಿ ಯಾರಿದ್ದಾರೆ ಅನ್ನುವುದು. ಘಾಟಿನ ತಿರುವಿಗೆ ವಾಂತಿ ಮಾಡುವ ಮಕ್ಕಳು, ಮೊಣಕಾಲು ನೋವಿನ ಅವ್ವ, ಉಬ್ಬಸ ಇರುವ ಕಾಕಾ, ಇವರನ್ನು ಬಿಟ್ಟು ಪ್ಲಾನ್ ಮಾಡಿದರೆ ಅರ್ಧ ದಾರಿಯಲ್ಲೇ ಗೊತ್ತಾಗುತ್ತದೆ. ನಾಲ್ಕನೆಯದು ದುಡ್ಡು. ಐದನೆಯದು ಆಯಾ ಊರಿನ ನಿಯಮ. ಇ-ಪಾಸ್, ರಾತ್ರಿ ಬಂದ್ ಆಗುವ ಗೇಟು, ಇಂಥವು ಮೊದಲೇ ಗೊತ್ತಿದ್ದರೆ ಕಷ್ಟವಿಲ್ಲ, ಗೊತ್ತಿಲ್ಲದಿದ್ದರೆ ಇಡೀ ದಿನ ಹಾಳು.

ಮಹಾಬಳೇಶ್ವರ: ಹತ್ತಿರ, ಆದರೆ ತಿಂಗಳು ನೋಡಿ ಹೋಗಿ

ಕಲಬುರಗಿಯಿಂದ ಸುಮಾರು 370 ಕಿಲೋಮೀಟರ್. ಆಳಂದ, ವಾಗ್ದರಿ, ಅಕ್ಕಲಕೋಟ ದಾಟಿ ಸೊಲ್ಲಾಪುರ, ಅಲ್ಲಿಂದ ಮೋಹೋಳ, ಪಂಢರಪುರ, ಮಾಳಶಿರಸ, ಫಲಟಣ, ಆಮೇಲೆ ವಾಯಿ. ವಾಯಿ ದಾಟಿದರೆ ಪಸರಣಿ ಘಾಟು, ಘಾಟು ಹತ್ತಿದರೆ ಪಂಚಗಣಿ, ಅಲ್ಲಿಂದ ಮಹಾಬಳೇಶ್ವರ 20 ಕಿಲೋಮೀಟರ್ ಕೂಡ ಇಲ್ಲ. ಬೆಳಿಗ್ಗೆ ಐದಕ್ಕೆ ಬುತ್ತಿ ಕಟ್ಟಿಕೊಂಡು ಹೊರಟರೆ ಪಂಢರಪುರದಲ್ಲಿ ವಿಠ್ಠಲನ ದರ್ಶನಕ್ಕೆ ನಿಂತರೂ ಸಂಜೆ ಬೆಳಕಿರುವಾಗಲೇ ಮೇಲೆ ಇರುತ್ತೀರಿ. ಸೊಲ್ಲಾಪುರದವರೆಗೆ ಚಹಾ ಅಂಗಡಿಯಲ್ಲಿ ಕನ್ನಡವೇ ನಡೆಯುತ್ತದೆ.

ಬೀದರಿನವರು ಹುಮನಾಬಾದಿಗೆ ಬಂದು 65ನೇ ಹೆದ್ದಾರಿ ಹಿಡಿದರೆ ಉಮರ್ಗಾ, ನಳದುರ್ಗ ದಾಟಿ ನೇರ ಸೊಲ್ಲಾಪುರ. ಒಟ್ಟು ಸುಮಾರು 460 ಕಿಲೋಮೀಟರ್. ಯಾದಗಿರಿ, ಶಹಾಪುರ, ಸುರಪುರದವರು ವಿಜಯಪುರದ ಕಡೆಯಿಂದಲೂ ಹೋಗಬಹುದು: ಜತ್ತ, ವಿಟಾ, ಕರಾಡ, ಅಲ್ಲಿಂದ 48ನೇ ಹೆದ್ದಾರಿಯಲ್ಲಿ ಸಾತಾರಾ. ಈ ದಾರಿಯಲ್ಲಿ ಪಂಢರಪುರ ಸಿಗುವುದಿಲ್ಲ.

ಪಂಢರಪುರದ ದಾರಿಗೆ ಒಂದು ಎಚ್ಚರಿಕೆ ಇದೆ. ಮೋಹೋಳದಿಂದ ಫಲಟಣದ ಕಡೆ ಹೋಗುವ 965ನೇ ಹೆದ್ದಾರಿ ಅಂದರೆ ಜ್ಞಾನೇಶ್ವರ ಮಹಾರಾಜರ ಪಾಲಖಿ ಬರುವ ದಾರಿ. ಆಷಾಢ ಏಕಾದಶಿಗೆ ಮುಂಚಿನ ಎರಡು ಮೂರು ವಾರ ಲಕ್ಷಗಟ್ಟಲೆ ವಾರಕರಿಗಳು, ಅಂದರೆ ವಿಠ್ಠಲನ ಭಕ್ತರು, ಇದೇ ದಾರಿಯಲ್ಲಿ ನಡೆದು ಬರುತ್ತಾರೆ. ಆ ದಿನಗಳಲ್ಲಿ ಕಾರು ತರಬೇಡಿ. ದಿಂಡಿ (ಭಜನೆ ಹಾಡುತ್ತ ಸಾಗುವ ಅವರ ಗುಂಪು) ನೋಡುವ ಆಸೆ ಇದ್ದರೆ ಅದಕ್ಕೇ ಅಂತ ಬೇರೆ ದಿನ ಇಟ್ಟುಕೊಳ್ಳಿ.

ಈಗ ತಂಪಿನ ವಿಷಯ. ಮಹಾಬಳೇಶ್ವರ ಸಮುದ್ರ ಮಟ್ಟದಿಂದ ಸುಮಾರು 1,350 ಮೀಟರ್ ಎತ್ತರ. ಕಲಬುರಗಿ 42 ಡಿಗ್ರಿ ಇರುವಾಗ ಅಲ್ಲಿ 30ರ ಆಸುಪಾಸು ಇರುತ್ತದೆ. ಬೆಳಿಗ್ಗೆ ಸಂಜೆ ಗಾಳಿ ಹಾಯಾಗಿರುತ್ತದೆ, ರಾತ್ರಿ ಫ್ಯಾನ್ ಬೇಡ ಅನ್ನಿಸುತ್ತದೆ. ಆದರೆ ಮೇ ಮಧ್ಯಾಹ್ನ ಬಿಸಿಲಿಗೆ ನಿಂತರೆ ಅದು ಬಿಸಿಲೇ. ಸ್ವೆಟರ್ ಹಾಕಿಕೊಂಡು ನಡುಗಬೇಕು ಅನ್ನುವ ಆಸೆಯಿಂದ ಮೇನಲ್ಲಿ ಹೋದವರು ಬೇಜಾರು ಮಾಡಿಕೊಂಡು ಬಂದದ್ದನ್ನು ನೋಡಿದ್ದೇನೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಹೋದರೆ ಅದೇ ಊರು ಬೇರೆಯೇ. ಚಳಿಯೂ ಇರುತ್ತದೆ, ಸ್ಟ್ರಾಬೆರಿಯೂ ಇರುತ್ತದೆ. ಅಲ್ಲಿನ ಸ್ಟ್ರಾಬೆರಿಗೆ 2010ರಲ್ಲೇ ಜಿಐ ಟ್ಯಾಗ್ (ಆ ಊರಿನದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ, ಮಾರ್ಚ್‌ವರೆಗೂ ಹಣ್ಣು ಸಿಗುತ್ತದೆ. ರಸ್ತೆ ಪಕ್ಕದ ಹೊಲದಲ್ಲೇ ಬುಟ್ಟಿ ಇಟ್ಟು ಮಾರುತ್ತಾರೆ. ತಳದಲ್ಲಿ ಮೆತ್ತಗಾದ ಹಣ್ಣು ಇದೆಯಾ ಅಂತ ಡಬ್ಬಿ ತಿರುಗಿಸಿ ನೋಡಿ ತಗೊಳ್ಳಿ. ಮನೆಯವರೆಗೆ ತರಬೇಕು ಅಂದರೆ ಹೊರಡುವ ದಿನ ಬೆಳಿಗ್ಗೆಯೇ ಕೊಳ್ಳಿ, ಡಿಕ್ಕಿಯಲ್ಲಿ ಇಡಬೇಡಿ. ಸೊಲ್ಲಾಪುರ ಬರುವಷ್ಟರಲ್ಲಿ ರಸ ಆಗಿರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆ ಅಂದರೆ ಮಳೆ. ವರ್ಷಕ್ಕೆ 5,000 ಮಿಲಿಮೀಟರ್ ಮೀರಿ ಸುರಿಯುವ ಜಾಗ ಅದು. ಮುಂದೆ ಹತ್ತು ಅಡಿ ಕಾಣದಷ್ಟು ಮಂಜು. ನಮ್ಮ ಕಡೆ ನೇರ ರಸ್ತೆಯಲ್ಲಿ ಓಡಿಸಿ ರೂಢಿಯಾದವರಿಗೆ ಆ ಮಂಜಿನಲ್ಲಿ ಘಾಟು ಸುರಕ್ಷಿತ ಅಲ್ಲ. ಮಳೆಗಾಲದ ಹಸಿರು ನೋಡಲೇಬೇಕು ಅನ್ನುವವರು ಸೆಪ್ಟೆಂಬರ್ ಕೊನೆಗೆ ಹೋಗಿ, ಸಾತಾರಾ ಹತ್ತಿರದ ಕಾಸ್ ಪಠಾರ ಅನ್ನುವ ಬೆಟ್ಟದ ಮೇಲಿನ ಬಯಲಿನ ಹೂವನ್ನೂ ಸೇರಿಸಿಕೊಳ್ಳಿ. 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಅದೂ ಒಂದು. ಹೂವಿನ ಕಾಲದಲ್ಲಿ ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರುವುದರಿಂದ ಟಿಕೆಟ್ ಮೊದಲೇ ಬುಕ್ ಮಾಡಿ.

ನೋಡಲು ಏನಿದೆ ಅಂತ ಪಟ್ಟಿ ಕೊಡುವುದಿಲ್ಲ. ವೆಣ್ಣಾ ಕೆರೆ, ವಿಲ್ಸನ್ ಪಾಯಿಂಟ್, ಆರ್ಥರ್ ಸೀಟ್ ಎಲ್ಲ ಅಲ್ಲಿನ ಟ್ಯಾಕ್ಸಿಯವರೇ ಹೇಳುತ್ತಾರೆ. ಪ್ರತಾಪಗಡ ಕೋಟೆ ಅಲ್ಲಿಂದ ಒಂದು ಗಂಟೆಯೊಳಗಿನ ದಾರಿ. 1659ರಲ್ಲಿ ಶಿವಾಜಿ ಮತ್ತು ಬಿಜಾಪುರದ ಸೇನಾಪತಿ ಅಫ್ಜಲ್ ಖಾನ್ ಎದುರಾದ ಜಾಗ. ಮೆಟ್ಟಿಲು ಜಾಸ್ತಿ, ವಯಸ್ಸಾದವರು ಕೆಳಗೇ ಕೂರುವುದು ಒಳ್ಳೆಯದು.

ಆದರೆ ಒಂದು ಜಾಗದ ಬಗ್ಗೆ ಮಾತ್ರ ಹೇಳದೆ ಇರಲಾರೆ. ಹಳೆ ಮಹಾಬಳೇಶ್ವರದ ಪಂಚಗಂಗಾ ಗುಡಿ. ಒಳಗೆ ಕಲ್ಲಿನ ಗೋಮುಖದಿಂದ ನೀರು ಬೀಳುತ್ತದೆ. ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ಐದೂ ಅಲ್ಲೇ ಹುಟ್ಟುತ್ತವೆ ಅನ್ನುವುದು ನಂಬಿಕೆ. ನಮ್ಮ ಮುತ್ಯಾ ಇದೇ ಕೃಷ್ಣೆಯ ನಾರಾಯಣಪುರ ಡ್ಯಾಮಿನ ಕಾಲುವೆ ನೀರಿನಲ್ಲಿ ಭತ್ತ ಬೆಳೆದವರು. ಅವರನ್ನು ಕರೆದುಕೊಂಡು ಹೋದಾಗ ಗೋಮುಖದ ಕೆಳಗೆ ಎರಡೂ ಕೈ ಒಡ್ಡಿ ನಿಂತರು. ಹಿಂದೆ ಜನ ಸಾಲು ನಿಂತಿದ್ದರೂ ಕದಲಲಿಲ್ಲ. ಬೊಗಸೆ ತುಂಬಿ ಮೊಣಕೈಗೆ ಇಳಿದು ಧೋತರದ ಮೇಲೆ ಸುರಿಯುತ್ತಿತ್ತು. ಆಮೇಲೆ ತಲೆಗೆ ಹಚ್ಚಿಕೊಂಡು, "ಇಷ್ಟೇ ಇಷ್ಟು ನೀರು ನಮ್ಮೂರಿಗೆ ಬರೋದ್ರಾಗ ಎಷ್ಟಾಗ್ತದ ನೋಡು" ಅಂದರು. ಅದೇ ದಾರಿಯಲ್ಲಿ ಪಂಢರಪುರದಲ್ಲಿ ಭೀಮೆಯನ್ನೂ ದಾಟಿ ಬಂದಿದ್ದೆವು. ಅಫಜಲಪುರ, ಗಾಣಗಾಪುರ, ಯಾದಗಿರಿ ದಾಟಿ ಹೋಗುವ ಅದೇ ಭೀಮೆ. ಯಾದಗಿರಿ, ಕಲಬುರಗಿಯ ಹಿರಿಯರು ಜೊತೆಗಿದ್ದರೆ ಈ ಒಂದು ಕಾರಣಕ್ಕೆ ಮಹಾಬಳೇಶ್ವರಕ್ಕೆ ನನ್ನ ಕಡೆಯಿಂದ ತೂಕ ಜಾಸ್ತಿ.

ಊಟಿ: ನಿಜವಾದ ಚಳಿ, ಉದ್ದದ ದಾರಿ

ಬೇಸಿಗೆಯಲ್ಲಿ ನಿಜವಾಗಿಯೂ ತಣ್ಣಗಿರುವ ಊರು ಬೇಕು ಅಂದರೆ ಈ ಮೂರರಲ್ಲಿ ಊಟಿಗೆ ಸಾಟಿ ಇಲ್ಲ. ಎತ್ತರ 2,240 ಮೀಟರ್. ಮೇ ತಿಂಗಳ ಮಧ್ಯಾಹ್ನವೂ 25 ಡಿಗ್ರಿ ದಾಟುವುದು ಅಪರೂಪ. ರಾತ್ರಿ ಕಂಬಳಿ ಬೇಕೇ ಬೇಕು.

ಬೆಲೆ ಏನಪ್ಪಾ ಅಂದರೆ ದೂರ. ಕಲಬುರಗಿಯಿಂದ ಹೆಚ್ಚುಕಡಿಮೆ 800 ಕಿಲೋಮೀಟರ್. ಜೇವರ್ಗಿಯಲ್ಲಿ ಶುರುವಾಗುವ 150ಎ ಹೆದ್ದಾರಿ ಲಿಂಗಸುಗೂರು, ಸಿಂಧನೂರು, ಬಳ್ಳಾರಿ, ಹಿರಿಯೂರು, ನಾಗಮಂಗಲದ ಮೇಲೆ ಮೈಸೂರು ದಾಟಿ ಚಾಮರಾಜನಗರದವರೆಗೂ ಹೋಗುತ್ತದೆ. ನಕ್ಷೆಯಲ್ಲಿ ನೋಡಿದರೆ ಒಂದೇ ಗೆರೆ, ಖುಷಿ ಆಗುತ್ತದೆ. ಓಡಿಸಿದಾಗ ಗೊತ್ತಾಗುತ್ತದೆ, ಊರೊಳಗಿನ ಹಂಪು, ಎತ್ತಿನ ಗಾಡಿ, ಭತ್ತದ ಲಾರಿ ಎಲ್ಲ ಸಿಗುತ್ತವೆ. ಹೊಸಪೇಟೆಗೆ ಹೋಗಿ 50ನೇ ಹೆದ್ದಾರಿ ಹಿಡಿದು ಚಿತ್ರದುರ್ಗದ ಕಡೆ ಇಳಿದರೆ ನಾಲ್ಕು ಪಥದ ರಸ್ತೆ ಜಾಸ್ತಿ ಸಿಗುತ್ತದೆ, ಮೈಗೂ ಆರಾಮ. ಏನೇ ಆಗಲಿ ಒಂದೇ ದಿನದಲ್ಲಿ ಮುಟ್ಟುತ್ತೇವೆ ಅನ್ನಬೇಡಿ. ಮೊದಲ ರಾತ್ರಿ ಮೈಸೂರಿನಲ್ಲಿ ಉಳಿಯಿರಿ. ಮಕ್ಕಳಿಗೆ ಅರಮನೆ, ಮೃಗಾಲಯ ಆಗುತ್ತದೆ, ಆ ದಿನ ವ್ಯರ್ಥ ಅನ್ನಿಸುವುದಿಲ್ಲ.

ನಿಯಮಗಳು ಜಾಸ್ತಿ ಇರುವುದೂ ಊಟಿಗೇ. 2024ರ ಮೇ 7ರಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಊಟಿ ಇರುವ ನೀಲಗಿರಿ ಜಿಲ್ಲೆಗೆ ಹೊರಗಿನ ವಾಹನಗಳಿಗೆ ಇ-ಪಾಸ್ ಬಂದಿದೆ. 2025ರ ಬೇಸಿಗೆಯಲ್ಲಂತೂ ವಾರದ ದಿನ 6,000, ಶನಿವಾರ ಭಾನುವಾರ 8,000 ವಾಹನ ಅಂತ ಮಿತಿಯನ್ನೂ ಹಾಕಿದ್ದರು. ಆದ್ದರಿಂದ ರೂಮ್ ಬುಕ್ ಮಾಡುವ ಮೊದಲು ತಮಿಳುನಾಡು ಸರ್ಕಾರದ ಇ-ಪಾಸ್ ಜಾಲತಾಣ ತೆಗೆದು ನಿಮ್ಮ ದಿನಾಂಕಕ್ಕೆ ಪಾಸ್ ಸಿಗುತ್ತದಾ ನೋಡಿ. ರೂಮಿಗೆ ದುಡ್ಡು ಕಟ್ಟಿ ಆಮೇಲೆ ಪಾಸ್ ಹುಡುಕುವುದು ತಲೆಕೆಳಗಿನ ಕೆಲಸ. ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೂ ಅಲ್ಲಿ ನಿಷೇಧ ಇದೆ, ಚೆಕ್‌ಪೋಸ್ಟಿನಲ್ಲಿ ಗಾಡಿ ತೆಗೆಸಿ ನೋಡುತ್ತಾರೆ. ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ.

ಇನ್ನೊಂದು ಬಂಡೀಪುರದ ಗೇಟು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್. ಒಮ್ಮೆ ನಾವು ಮೈಸೂರಿನಲ್ಲಿ ಊಟಕ್ಕೆ ಅಂತ ನಿಂತು, ಗುಂಡ್ಲುಪೇಟೆ ದಾಟಿ ಗೇಟಿಗೆ ಬಂದಾಗ ಒಂಬತ್ತು ಆಗಿ ಹತ್ತು ನಿಮಿಷ. ಎಷ್ಟು ಕೇಳಿದರೂ ಬಿಡಲಿಲ್ಲ, ಬಿಡಲೂಬಾರದು, ಅದು ಪ್ರಾಣಿಗಳು ಓಡಾಡುವ ಹೊತ್ತು. ವಾಪಸ್ ಗುಂಡ್ಲುಪೇಟೆಗೆ ಬಂದು ರೂಮ್ ಹುಡುಕುವಾಗ ಮಕ್ಕಳು ಸೀಟಿನಲ್ಲೇ ಮಲಗಿಬಿಟ್ಟಿದ್ದರು. ಊಟಿಯಲ್ಲಿ ಬುಕ್ ಮಾಡಿದ್ದ ರೂಮಿನ ಆ ರಾತ್ರಿಯ ದುಡ್ಡೂ ಹೋಯಿತು. ಮೈಸೂರನ್ನು ಮಧ್ಯಾಹ್ನವೇ ಬಿಡಿ.

ಘಾಟು ಎರಡಿವೆ. ಮಸಿನಗುಡಿಯಿಂದ ಹತ್ತುವ ಕಲ್ಲಟ್ಟಿ ಘಾಟಿನಲ್ಲಿ 36 ಹೇರ್‌ಪಿನ್ ತಿರುವು, ತುಂಬಾ ಕಡಿದು. ಊಟಿಯಿಂದ ಆ ದಾರಿಯಲ್ಲಿ ಇಳಿಯಲು ಹೊರಗಿನ ಗಾಡಿಗಳನ್ನು ಬಿಡುವುದಿಲ್ಲ. ಗೂಡಲೂರಿನ ದಾರಿ ಉದ್ದ, ಆದರೆ ನಿಧಾನವಾಗಿ ಏರುತ್ತದೆ. ಮೊದಲ ಸಲ ಘಾಟು ಓಡಿಸುವವರು ಹತ್ತಲೂ ಇಳಿಯಲೂ ಗೂಡಲೂರನ್ನೇ ಹಿಡಿಯಿರಿ.

ಮೇಲೆ ಹೋದ ಮೇಲೆ ಕಾರು ನಿಲ್ಲಿಸಿಬಿಡಿ. ಬೇಸಿಗೆಯಲ್ಲಿ ಊಟಿಯ ಟ್ರಾಫಿಕ್ಕಿನಲ್ಲಿ ಕಾರಿದ್ದರೆ ತಲೆನೋವೇ. ನೀಲಗಿರಿಯ ಪುಟ್ಟ ರೈಲು 1908ರಲ್ಲಿ ಊಟಿ ಮುಟ್ಟಿತು, 2005ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಊಟಿಯಿಂದ ಕೂನೂರಿಗೆ ಹೋಗಿ ಬಂದರೂ ಮಕ್ಕಳಿಗೆ ಸಾಕು, ಟಿಕೆಟ್ ಮಾತ್ರ ಮೊದಲೇ ತೆಗೆಸಿ. ಭಾಷೆಯ ತೊಂದರೆ ನಮಗೆ ಕಡಿಮೆ. ಅಲ್ಲಿನ ಬಡಗರ ಮಾತು ಕನ್ನಡಕ್ಕೆ ತೀರ ಹತ್ತಿರ. ಅಲ್ಲಿನ ಅತಿ ಎತ್ತರದ ಶಿಖರದ ಹೆಸರೇ ದೊಡ್ಡಬೆಟ್ಟ ಅಲ್ವಾ, 2,637 ಮೀಟರ್. ಉಬ್ಬಸ ಇರುವವರು, ಹೃದಯದ ಚಿಕಿತ್ಸೆ ತಗೊಳ್ಳುತ್ತಿರುವವರು ಹೊರಡುವ ಮೊದಲು ವೈದ್ಯರನ್ನು ಕೇಳಿ. 42 ಡಿಗ್ರಿಯಿಂದ ಹೊರಟು ಎರಡೇ ದಿನದಲ್ಲಿ ಕಂಬಳಿ ಚಳಿಗೆ ಹೋಗುವುದು ಎಲ್ಲರ ಮೈಗೂ ಹಿಡಿಸುವುದಿಲ್ಲ.

ಅರಕು: ರಸ್ತೆ ಇಷ್ಟಪಡುವವರಿಗೆ

ಅರಕು ಇರುವುದು ಆಂಧ್ರದ ಪೂರ್ವ ಘಟ್ಟದಲ್ಲಿ, ವಿಶಾಖಪಟ್ಟಣದಿಂದ ಸುಮಾರು 115 ಕಿಲೋಮೀಟರ್ ಒಳಗೆ. ಕಲಬುರಗಿಯಿಂದ ಲೆಕ್ಕ ಹಾಕಿದರೆ 950 ಕಿಲೋಮೀಟರ್ ಹತ್ತಿರ, ಬೀದರಿನಿಂದ 870ರ ಆಸುಪಾಸು. ತೆಲಂಗಾಣ ಪೂರ್ತಿ ದಾಟಬೇಕು, ಆಂಧ್ರದಲ್ಲೂ ಅರ್ಧ ಓಡಬೇಕು.

ದೂರ ಊಟಿಗಿಂತ ಜಾಸ್ತಿ, ಆದರೆ ರಸ್ತೆ ಊಟಿ ದಾರಿಗಿಂತ ಸುಲಭ. ಹೈದರಾಬಾದಿಗೆ ಮುಟ್ಟಿ, ಊರೊಳಗೆ ಹೋಗದೆ ಹೊರವರ್ತುಲ ರಸ್ತೆ ಹಿಡಿದುಬಿಟ್ಟರೆ ಸೂರ್ಯಾಪೇಟೆ, ವಿಜಯವಾಡ, ಅಲ್ಲಿಂದ 16ನೇ ಹೆದ್ದಾರಿಯಲ್ಲಿ ರಾಜಮಂಡ್ರಿ, ವಿಶಾಖಪಟ್ಟಣ. ಉದ್ದಕ್ಕೂ ದೊಡ್ಡ ರಸ್ತೆ, ಢಾಬಾ, ಬಂಕ್ ಯಾವುದಕ್ಕೂ ಕೊರತೆ ಇಲ್ಲ. ಇಬ್ಬರು ಬದಲಿಸಿ ಓಡಿಸುವವರಿದ್ದರೆ ಈ ದಾರಿ ಮಜಾ. ವಿಜಯವಾಡದಲ್ಲಿ ಮತ್ತೆ ಕೃಷ್ಣೆ ಸಿಗುತ್ತಾಳೆ, ರಾಜಮಂಡ್ರಿಯಲ್ಲಿ ಗೋದಾವರಿ. ಮೊದಲ ರಾತ್ರಿ ವಿಜಯವಾಡ, ಎರಡನೇ ರಾತ್ರಿ ವಿಶಾಖಪಟ್ಟಣ ಅಂತ ಇಟ್ಟುಕೊಳ್ಳಿ. ಬೆಟ್ಟದ ಜೊತೆ ಸಮುದ್ರವೂ ಸಿಗುವುದು ಈ ಒಂದು ಟ್ರಿಪ್ಪಿನಲ್ಲಿ ಮಾತ್ರ.

ಆದರೆ ಬೇಸಿಗೆಗೆ ಅರಕು ಅಲ್ಲ. ಎತ್ತರ ಸಾವಿರ ಮೀಟರಿನ ಒಳಗೇ. ಮೇನಲ್ಲಿ ಮಧ್ಯಾಹ್ನ ಬೆವರುತ್ತೀರಿ, ಕೆಳಗೆ ವಿಶಾಖಪಟ್ಟಣದಲ್ಲಿ ಸಮುದ್ರದ ಸೆಕೆ ಬೇರೆ. ನಮ್ಮ ಬಿಸಿಲು ಒಣ ಬಿಸಿಲು, ಆ ಅಂಟು ಸೆಕೆ ನಮಗೆ ರೂಢಿ ಇಲ್ಲ. ಅಲ್ಲಿಗೆ ಹೋಗಬೇಕಾದದ್ದು ನವೆಂಬರಿನಿಂದ ಜನವರಿ. ಆಗ ಗದ್ದೆಗಳ ತುಂಬ ಹಳದಿ ಹೂವು. ಏನು ಹೂವು ಅಂತ ಹತ್ತಿರ ಹೋಗಿ ನೋಡಿದರೆ ನಮ್ಮ ಗುರೆಳ್ಳು! ನಾವು ಹಿಂಡಿ ಕುಟ್ಟುವ ಅದೇ ಗುರೆಳ್ಳಿನ ಹೊಲವನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಕಾಫಿಗೆ 2019ರಲ್ಲಿ ಜಿಐ ಟ್ಯಾಗ್ ಬಂದಿದೆ, ಆ ಬೆಟ್ಟದ ಆದಿವಾಸಿ ರೈತರು ಬೆಳೆಯುವ ಕಾಫಿ. ದಾರಿಯಲ್ಲಿ ಬೊರ್ರಾ ಗುಹೆ ಇದೆ, ಸುಣ್ಣದ ಕಲ್ಲಿನ ದೊಡ್ಡ ಗುಹೆ. ಒಳಗೆ ಇಳಿದು ಹತ್ತಬೇಕು, ಮೊಣಕಾಲು ನೋವಿನವರಿಗೆ ಕಷ್ಟ.

ಇಲ್ಲಿ ನನ್ನ ಒಂದು ಸಲಹೆ: ವಿಶಾಖಪಟ್ಟಣದ ಹೋಟೆಲಿನಲ್ಲಿ ಕಾರು ಬಿಟ್ಟು ಕಿರಂದೂಲ್ ಕಡೆ ಹೋಗುವ ಬೆಳಗಿನ ರೈಲಿನಲ್ಲಿ ಅರಕು ಹತ್ತಿ. ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಇದೆ, ಸೀಟು ಮೊದಲೇ ಹಿಡಿಯಬೇಕು. ದಾರಿಯಲ್ಲಿ ಐವತ್ತಕ್ಕೂ ಜಾಸ್ತಿ ಸುರಂಗ. ಎರಡು ದಿನ ಸ್ಟಿಯರಿಂಗ್ ಹಿಡಿದವರೂ ಆವತ್ತು ಕಿಟಕಿ ಪಕ್ಕ ಕೂತು ನೋಡಬಹುದು.

ಎರಡೇ ದಿನ ಇದ್ದರೆ

ಶನಿವಾರ ಭಾನುವಾರ ಮಾತ್ರ ಇದೆ ಅನ್ನುವವರು ಈ ಮೂರನ್ನೂ ಬಿಡಿ, ತೆಲಂಗಾಣದ ವಿಕಾರಾಬಾದ್ ಹತ್ತಿರದ ಅನಂತಗಿರಿ ಬೆಟ್ಟಕ್ಕೆ ಹೋಗಿ. ಸೇಡಂ, ತಾಂಡೂರು ದಾಟಿದರೆ ಆಯಿತು, ಕಲಬುರಗಿಯಿಂದ 150 ಕಿಲೋಮೀಟರ್ ಒಳಗೆ. ಹೈದರಾಬಾದಿನ ಮೂಸಿ ನದಿ ಹುಟ್ಟುವುದು ಅಲ್ಲೇ. ಅನಂತಪದ್ಮನಾಭ ಸ್ವಾಮಿ ಗುಡಿ ಇದೆ, ಕಾಡಿನ ದಾರಿ ಇದೆ. ಎತ್ತರ ಅಂಥದ್ದೇನಿಲ್ಲ, ಬೇಸಿಗೆಯಲ್ಲಿ ತಂಪು ಸಿಗುವುದಿಲ್ಲ. ಜುಲೈನಿಂದ ಅಕ್ಟೋಬರ್ ಮಳೆಗೆ ಹಸಿರಾದಾಗ ಹೋಗಿ. ಅರಕು ದಾರಿಯಲ್ಲೂ ಅನಂತಗಿರಿ ಅಂತ ಇನ್ನೊಂದು ಊರಿದೆ, ಮೊಬೈಲಿನಲ್ಲಿ ಹೆಸರು ಹಾಕುವಾಗ ವಿಕಾರಾಬಾದ್ ಅಂತ ಸೇರಿಸಿ ಹುಡುಕಿ.

ದುಡ್ಡು

ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಕಾರು ಲೀಟರಿಗೆ 15 ಕಿಲೋಮೀಟರ್ ಕೊಡುತ್ತದೆ ಅಂತ ಇಟ್ಟುಕೊಳ್ಳೋಣ. ಮೇಲೆ ತಿರುಗಾಡುವ ನೂರು ಕಿಲೋಮೀಟರ್ ಸೇರಿಸಿ ಕಲಬುರಗಿಯಿಂದ ಮಹಾಬಳೇಶ್ವರಕ್ಕೆ ಹೋಗಿ ಬರಲು ಒಟ್ಟು 850 ಕಿಲೋಮೀಟರ್, ಅಂದರೆ 5,700 ರೂಪಾಯಿ. ಊಟಿಗೆ 1,700 ಕಿಲೋಮೀಟರ್, 11,300. ಅರಕಿಗೆ 2,000 ಕಿಲೋಮೀಟರ್, 13,300. ತೆಲಂಗಾಣ, ಆಂಧ್ರದಲ್ಲಿ ಪೆಟ್ರೋಲ್ ನಮ್ಮ ರಾಜ್ಯಕ್ಕಿಂತ ದುಬಾರಿ, ಹಾಗಾಗಿ ಅರಕಿನ ಲೆಕ್ಕ ಇನ್ನೂ ಏರುತ್ತದೆ. ಗಡಿ ದಾಟುವ ಮೊದಲು ನಮ್ಮ ಕಡೆಯೇ ಟ್ಯಾಂಕ್ ತುಂಬಿಸಿಕೊಳ್ಳಿ.

ಜನ ಮರೆಯುವ ಖರ್ಚು ದಾರಿ ರೂಮಿನದು. ಊಟಿಗೆ ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿ. ಅರಕಿಗೂ ಅಷ್ಟೇ ಅಥವಾ ಇನ್ನೂ ಜಾಸ್ತಿ. ಮಹಾಬಳೇಶ್ವರಕ್ಕೆ ಇದು ಇಲ್ಲವೇ ಇಲ್ಲ. ಉಳಿದ ಆ ದುಡ್ಡಿನಲ್ಲಿ ಮೇಲೆ ಒಳ್ಳೆಯ ರೂಮ್ ಹಿಡಿಯಬಹುದು. ಮೂರೂ ಕಡೆ ಶನಿವಾರ ಭಾನುವಾರದ ದರ ವಾರದ ದಿನಗಳಿಗಿಂತ ಬಹಳ ಜಾಸ್ತಿ. ಸೋಮವಾರ ಹತ್ತಿ ಗುರುವಾರ ಇಳಿಯುವಂತೆ ಪ್ಲಾನ್ ಮಾಡಿದರೆ ರೂಮೂ ಅಗ್ಗ, ಘಾಟಿನಲ್ಲಿ ಗಾಡಿಗಳೂ ಕಡಿಮೆ.

ಟೋಲಿಗೆ ಫಾಸ್ಟ್ಯಾಗ್ ವರ್ಷದ ಪಾಸ್ ಇದೆ. 2025ರ ಆಗಸ್ಟ್ 15ರಂದು ಶುರುವಾದಾಗ 3,000 ರೂಪಾಯಿಗೆ 200 ಟ್ರಿಪ್ ಅಥವಾ ಒಂದು ವರ್ಷ ಅಂತ ಕೊಟ್ಟರು. ಒಂದೇ ಮಹಾಬಳೇಶ್ವರ ಟ್ರಿಪ್ಪಿಗೆ ಅಂತ ತಗೊಳ್ಳುವ ಅಗತ್ಯವಿಲ್ಲ. ಅರಕಿಗೆ ಹೋಗುವುದರ ಜೊತೆಗೆ ವರ್ಷಕ್ಕೆ ನಾಲ್ಕಾರು ಸಲ ಹೈದರಾಬಾದ್, ಪುಣೆ ಅಂತ ಓಡಾಡುವವರು ತಗೊಂಡರೆ ಲಾಭ. ಅದು ರಾಷ್ಟ್ರೀಯ ಹೆದ್ದಾರಿಗೆ ಮಾತ್ರ. ಹೈದರಾಬಾದಿನ ಹೊರವರ್ತುಲ ರಸ್ತೆಗೆ ಬೇರೆ ಟೋಲ್ ಕಟ್ಟಬೇಕು.

ಬಾಡಿಗೆ ಗಾಡಿ ಮಾಡುವವರು ಹಳದಿ ಬೋರ್ಡಿನದನ್ನೇ ಮಾಡಿ, ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇದೆಯಾ ಅಂತ ಕಾಗದ ನೋಡಿ ಮುಂಗಡ ಕೊಡಿ. ಕಡಿಮೆಗೆ ಸಿಗುತ್ತದೆ ಅಂತ ಪರಿಚಯದವರ ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಒಯ್ದು ದಾರಿಯಲ್ಲಿ ಏನಾದರೂ ಆದರೆ ವಿಮೆ ಸಿಗುವುದು ಕಷ್ಟ.

ಹಾಗಾದರೆ ಯಾರಿಗೆ ಯಾವುದು

ಬೀದರಿನ ಗೆಳೆಯನಿಗೆ ಮಹಾಬಳೇಶ್ವರ ಅಂದೆ. ನಾಲ್ಕು ದಿನದಲ್ಲಿ ಎರಡು ದಿನ ದಾರಿಗೆ, ಎರಡು ದಿನ ಮೇಲೆ. ಆದರೆ ಮೇ ಬೇಡ, ಡಿಸೆಂಬರಿನ ಕೊನೆಯ ವಾರದ ಗದ್ದಲವೂ ಬೇಡ, ಸಂಕ್ರಾಂತಿ ಮುಗಿದ ಮೇಲೆ ಜನವರಿ ಕೊನೆಗೆ ಹೋಗು ಅಂದೆ. ಮೇನಲ್ಲೇ ಹೋಗಬೇಕು ಅಂತ ಹಟ ಹಿಡಿದರೆ ಮಧ್ಯಾಹ್ನ ರೂಮಿನಲ್ಲಿ, ಬೆಳಿಗ್ಗೆ ಸಂಜೆ ಹೊರಗೆ ಅಂತ ಒಪ್ಪಿಕೊಂಡು ಹೋಗಬೇಕು.

ಮಾಸ್ತರರಿಗೆ ಹೇಳುವುದು ಕಷ್ಟವಾಯಿತು. ರಜೆ ಇರುವುದು ಬೇಸಿಗೆಯಲ್ಲಿ, ಬೇಸಿಗೆಗೆ ತಂಪು ಇರುವುದು ಊಟಿಯಲ್ಲಿ. ಆದರೆ ಅಪ್ಪ ಅವ್ವನನ್ನು 800 ಕಿಲೋಮೀಟರ್ ಕೂರಿಸುವುದು? ಅವರಿಗೆ ನಾನು ಹೇಳಿದ್ದು: ಯಾದಗಿರಿಯಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಹಳದಿ ಬೋರ್ಡ್ ಗಾಡಿ ಮಾಡಿಕೊಂಡು ಮೈಸೂರು, ಊಟಿ ನೋಡಿ ಬನ್ನಿ. ಸ್ವಂತ ಕಾರಿನ ಮಾತು ಬಿಟ್ಟರೆ ಎಲ್ಲ ಸರಿಹೋಗುತ್ತದೆ. ಕಾರೇ ಬೇಕು ಅಂದರೆ ಒಂಬತ್ತು ಹತ್ತು ದಿನ ಇಟ್ಟುಕೊಂಡು ಹೊಸಪೇಟೆಯಲ್ಲಿ ಒಂದು ರಾತ್ರಿ, ಮೈಸೂರಿನಲ್ಲಿ ಎರಡು ರಾತ್ರಿ, ಹೀಗೆ ಕಡಿದು ಕಡಿದು ಹೋಗಬೇಕು. ಹಂಪಿಯೂ ಆಗುತ್ತದೆ.

ಹುಡುಗರಿಗೆ ಕಣ್ಣು ಮುಚ್ಚಿ ಅರಕು ಅಂದೆ, ನವೆಂಬರಿನಲ್ಲಿ, ಎಂಟು ದಿನಕ್ಕೆ. ನಾಲ್ವರು ಹಂಚಿಕೊಂಡರೆ ತಲೆಗೆ ಪೆಟ್ರೋಲ್ 3,500 ಆಗಬಹುದು. ರಾತ್ರಿ ಓಡಿಸಬೇಡಿ ಅಂತ ಮಾತ್ರ ಗಟ್ಟಿಯಾಗಿ ಹೇಳಿದೆ. ರಾತ್ರಿ ಹನ್ನೆರಡರ ಮೇಲೆ ನಿಂತ ಲಾರಿ ಕಾಣದೆ ಹಿಂದಿನಿಂದ ಹೊಡೆದ ಸುದ್ದಿ ನಮ್ಮ ಪೇಪರಿನಲ್ಲಿ ಆಗಾಗ ಓದುತ್ತಲೇ ಇರುತ್ತೇವೆ.

ಎಲ್ಲಿಗೇ ಹೋದರೂ

ಸ್ವಂತ ಬಿಳಿ ಬೋರ್ಡ್ ಕಾರಿಗೆ ರಾಜ್ಯ ದಾಟಲು ಪರ್ಮಿಟ್ ಬೇಡ. ಆರ್‌ಸಿ, ವಿಮೆ, ಹೊಗೆ ತಪಾಸಣೆ, ಲೈಸೆನ್ಸ್ ಡಿಜಿಲಾಕರಿನಲ್ಲಿದ್ದರೆ ಸಾಕು. ಹೊಗೆ ತಪಾಸಣೆಯ ತಾರೀಕು ಮುಗಿದಿದೆಯಾ ಅಂತ ಹೊರಡುವ ಮೊದಲೇ ನೋಡಿ, ಜನ ಸಿಕ್ಕಿಬೀಳುವುದು ಅದರಲ್ಲೇ.

ಟೈರು, ಕೂಲೆಂಟ್, ಬ್ರೇಕ್ ಈ ಮೂರನ್ನು ವಾರ ಮೊದಲೇ ತೋರಿಸಿ. ನಮ್ಮ ಊರುಗಳು ಸಪಾಟು, ಬ್ರೇಕಿನ ದೋಷ ಇಲ್ಲಿ ಗೊತ್ತೇ ಆಗುವುದಿಲ್ಲ. ನಾಲ್ಕು ವರ್ಷದ ಹಿಂದೆ ಪಸರಣಿ ಘಾಟು ಇಳಿಯುವಾಗ ನಾನು ನಾಲ್ಕನೇ ಗೇರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದೆ. ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು. ಅರ್ಧ ಇಳಿದಾಗ ಸುಟ್ಟ ವಾಸನೆ ಬಂತು. ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗೆ ಹೋಗತೊಡಗಿತು. ಹಿಂದೆ ಅವ್ವ ನಿದ್ದೆಯಲ್ಲಿದ್ದಳು. ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎಳೆದು ಒಂದು ಭುಟ್ಟಾ ಅಂಗಡಿ ಪಕ್ಕ ನಿಲ್ಲಿಸಿದೆ. ಚಕ್ರಕ್ಕೆ ನೀರು ಹಾಕಲು ಹೋದರೆ ಅಂಗಡಿಯವನು ಓಡಿ ಬಂದು ಬಾಟಲಿ ಕಸಿದುಕೊಂಡ. ಬಿಸಿ ಡಿಸ್ಕಿಗೆ ತಣ್ಣೀರು ಬಿದ್ದರೆ ಸೊಟ್ಟಗಾಗುತ್ತದೆ. ಅರ್ಧ ಗಂಟೆ ಕಾದೆವು. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು, ಬ್ರೇಕನ್ನು ಒತ್ತಿ ಒತ್ತಿ ಬಿಡಬೇಕು, ಒತ್ತಿ ಹಿಡಿಯಬಾರದು. ನ್ಯೂಟ್ರಲ್ ಅಂತೂ ಬೇಡವೇ ಬೇಡ. ಎದುರು ಹತ್ತಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ನಿಯಮವೂ ಅದೇ.

ಮಕ್ಕಳಿಗೆ ಘಾಟಿನ ಮೊದಲು ಹೊಟ್ಟೆ ತುಂಬ ತಿನ್ನಿಸಬೇಡಿ. ಚುರಮುರಿ, ನಿಂಬೆಹಣ್ಣು ಕೈಯಲ್ಲಿ ಇರಲಿ, ಕಿಟಕಿ ಸ್ವಲ್ಪ ಇಳಿಸಿ, ಮೊಬೈಲ್ ಕಸಿದುಕೊಳ್ಳಿ. ದೊಡ್ಡವರಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಮೂರು ದಿನಕ್ಕೆ ಚಿಂತೆ ಇಲ್ಲ, ಊಟಿಯಲ್ಲಿ ಎರಡನೇ ದಿನವೇ ಎಲ್ಲರೂ ಅದನ್ನೇ ಹುಡುಕುತ್ತಾರೆ.

ಬೇಸಿಗೆಯಲ್ಲಿ ವಾಪಸ್ ಬರುವ ದಿನವನ್ನೂ ಪ್ಲಾನ್ ಮಾಡಿ. ಮಹಾಬಳೇಶ್ವರದಿಂದ ಕತ್ತಲಲ್ಲಿ ಘಾಟು ಇಳಿಯಬೇಡಿ, ಬೆಳಕು ಹರಿದ ಮೇಲೆ ಆರಕ್ಕೆ ಹೊರಡಿ. ಹನ್ನೊಂದರ ಹೊತ್ತಿಗೆ ಪಂಢರಪುರ ಬರುತ್ತದೆ. ಅಲ್ಲಿ ಊಟ ಮಾಡಿ ಯಾವುದಾದರೂ ಲಾಡ್ಜಿನಲ್ಲಿ ಅರ್ಧ ದಿನಕ್ಕೆ ರೂಮ್ ಹಿಡಿದು ಮಲಗಿಬಿಡಿ. ಮಧ್ಯಾಹ್ನ ಎರಡಕ್ಕೆ ಸೊಲ್ಲಾಪುರ ದಾಟುವ ಹಟ ಬೇಡ, ಆ ಹೊತ್ತಿನ ಡಾಂಬರಿನ ಬಿಸಿಗೆ ಹಳೆಯ ಟೈರು ತಡೆಯುವುದಿಲ್ಲ. ನಾಲ್ಕೂವರೆಗೆ ಎದ್ದು ಚಹಾ ಕುಡಿದು ಹೊರಟರೆ ರಾತ್ರಿ ಊಟದ ಹೊತ್ತಿಗೆ ಕಲಬುರಗಿಯಲ್ಲಿರುತ್ತೀರಿ. ಕೂಲರ್‌ಗೆ ನೀರು ತುಂಬಿಸಿಡಲು ಪಕ್ಕದ ಮನೆಯವರಿಗೆ ಅಕ್ಕಲಕೋಟದಲ್ಲಿರುವಾಗಲೇ ಒಂದು ಫೋನ್ ಮಾಡಿ.